ಹಳೆಯ ಪಾಕದ ಒಂದು ಸೌಟು

ಬೆಳಗಾಗಿಲ್ಲ; ಕಿಟಕಿಯ ಸರಳುಗಳಿಗೆ ಇನ್ನೂ ಬಣ್ಣ ಬಂದಿಲ್ಲ. ಕಿರಿದಾದ ಮೆಟ್ಟಿಲುಗಳನ್ನು ಹತ್ತಿದರೆ ಸಿಗುವ ಎರಡು ಕೋಣೆಯ ಮನೆಯಲ್ಲಿ ಒಲೆಯ ನೀಲಿ ಉರಿಯೊಂದೇ ಬೆಳಕು. ಅದರ ಮುಂದೆ, ಬೀದಿಯವರು ಪಾಕದಕ್ಕ ಎಂದು ಕರೆಯುವ ಹೆಂಗಸು ನಿಂತಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಕರಗಿ ನೀರು ತಿಳಿಯಾಗಿದೆ. ಪಕ್ಕದ ಬಾಣಲೆಯಲ್ಲಿ ಚಕ್ಕೆ, ಏಲಕ್ಕಿ, ಲವಂಗ ಬೆಚ್ಚಗಾಗುತ್ತಿವೆ. ಪರಿಮಳ ಮೊದಲು ಚಾವಣಿಗೆ ಏರುತ್ತದೆ, ಅಲ್ಲಿ ಏನನ್ನೋ ಯೋಚಿಸಿದಂತೆ ತುಸು ಹೊತ್ತು ನಿಲ್ಲುತ್ತದೆ, ಬಳಿಕ ಬಾಗಿಲ ಸಂದಿನಿಂದ ನುಸುಳಿ ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಹೋಗುತ್ತದೆ. ಬೀದಿ ನಿದ್ದೆಯಲ್ಲಿದೆ; ಅದರ ಮೂಗು ಮಾತ್ರ ಎಚ್ಚರವಾಗಿದೆ.

"ನಮ್ಮನೇಲಿ ಕನಸಿಗೂ ಏಲಕ್ಕಿ ವಾಸನೆ," ಎನ್ನುತ್ತಾರೆ ಕೆಳಗಿನ ಮನೆಯ ದರ್ಜಿ. "ತೀರಿಹೋದ ನಮ್ಮಪ್ಪ ಕನಸಲ್ಲಿ ಬಂದರೂ ಚಕ್ಕೆ ಅಗೀತಾನೇ ಬರ್ತಾರೆ. ಬದುಕಿದ್ದಾಗ ಚಹಾನೂ ಮುಟ್ಟಿದವರಲ್ಲ."

ಪಾಕದಕ್ಕನ ಎಡಗೈಯಲ್ಲಿ ಸೌಟಿದೆ. ಬಲಗೈ, ಕಣ್ಣಿನ ನೆರವಿಲ್ಲದೆ, ಕಿಟಕಿಯ ಕಟ್ಟೆಯ ಮೇಲಿನ ದಪ್ಪ ಗಾಜಿನ ಭರಣಿಯತ್ತ ಚಾಚುತ್ತದೆ. ಪ್ರತಿದಿನ ಚಾಚುವ ಕೈ ಅದು; ದಾರಿ ತಪ್ಪುವುದಿಲ್ಲ. ಇಂದು ಅದಕ್ಕೆ ಸಿಕ್ಕಿದ್ದು ಭರಣಿಯ ಬಾಯಲ್ಲ, ತಳ. ಯಾರೋ ಅದನ್ನು ಬೋರಲು ಹಾಕಿದ್ದಾರೆ. ಎತ್ತಿ ನೋಡಿದರೆ, ಉರಿಯ ನೀಲಿಯನ್ನು ಹೀರಿಕೊಂಡು ಹೊಸದರಂತೆ ಹೊಳೆಯುತ್ತಿದೆ.

"ಏನ್ರೀ ಇದು?"

"ಯಾವುದು?" ಒಳಕೋಣೆಯಿಂದ ಯಜಮಾನರ ಧ್ವನಿ. ಅವರು ಕಳೆದ ತಿಂಗಳಷ್ಟೇ ನಿವೃತ್ತರಾದ ಬಸ್ ಕಂಡಕ್ಟರ್. ಬೀದಿಯವರು ಈಗಲೂ ಕಂಡಕ್ಟರೆಂದೇ ಕರೆಯುತ್ತಾರೆ.

"ಭರಣಿ."

"ಓ, ಅದಾ. ನೀನು ನಿನ್ನೆ ಬಾಟಲಿ ಕೊಡೋಕೆ ಹೋದಾಗ ತೊಳೆದೆ. ತಳದಲ್ಲಿ ಕಪ್ಪಗೆ ಏನೋ ಹಿಡಿದಿತ್ತು. ಬಿಸಿನೀರಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿದೆ. ಈಗ ಮುಖ ನೋಡ್ಕೋಬಹುದು."

"ನೋಡ್ಕೊಂಡೆ," ಎನ್ನುತ್ತಾರೆ ಪಾಕದಕ್ಕ. ಒಲೆಯನ್ನು ಆರಿಸುತ್ತಾರೆ.

ತಳದಲ್ಲಿ ಹಿಡಿದಿದ್ದ ಆ ಕಪ್ಪೇ ಅವರ ಕಸುಬಿನ ಬಂಡವಾಳ. ನಿಲ್ದಾಣದ ಹೊರಗಿನ ಕಾಫಿ ಗಾಡಿ, ಆಸ್ಪತ್ರೆಯ ಗೇಟಿನ ಚಹಾದಂಗಡಿ, ಹಳೆಯ ಕಚೇರಿಯೊಂದರ ಕ್ಯಾಂಟೀನು, ಈ ಮೂರು ಕಡೆ ಬೆಳಗಿನ ಲೋಟಗಳಲ್ಲಿ ಒಂದು ಚಮಚ ಬೀಳುವ ಮಸಾಲೆ ಪಾಕ ಈ ಅಡುಗೆಮನೆಯಿಂದ ಹೋಗುತ್ತದೆ. ಕಾಫಿಗೆ ಒಂದು ಚಮಚ, ಚಹಾಕ್ಕೆ ಒಂದೂವರೆ. ಬಾಟಲಿಯ ಮೇಲೆ ಚೀಟಿಯಿಲ್ಲ, ಹೆಸರಿಲ್ಲ. ಕುಡಿಯುವವರು ಹೊಗಳುವುದು ಗಾಡಿಯವನ ಕೈಯನ್ನು. ಗಾಡಿಯವನು ತಲೆ ಬಾಗಿಸಿ ಆ ಹೊಗಳಿಕೆಯನ್ನು ತಾನೇ ಇಟ್ಟುಕೊಳ್ಳುತ್ತಾನೆ. "ಇಟ್ಕೊಳ್ಳಲಿ ಬಿಡಿ," ಎನ್ನುತ್ತಾರೆ ಇವರು. "ಬಿಸಿಲಲ್ಲಿ ನಿಲ್ಲೋನು ಅವನಲ್ವಾ."

ಪಾಕ ಶುರುವಾದದ್ದು ಇವರ ಅತ್ತೆಯಿಂದ. ಮಾವ ಕಾರ್ಖಾನೆಯ ಗೇಟಿನಲ್ಲಿ ಚಹಾ ಮಾರುತ್ತಿದ್ದರು. ಪಾಳಿ ಬಿಡುವ ಗಂಟೆ ಹೊಡೆದರೆ ಜನ ಒಮ್ಮೆಲೇ ಮುತ್ತುತ್ತಿದ್ದರು. ಒಂದೊಂದು ಲೋಟಕ್ಕೂ ಮಸಾಲೆ ಕುದಿಸುತ್ತ ಕೂರಲು ಪುರುಸೊತ್ತಿರಲಿಲ್ಲ. ಅತ್ತೆ ಮಸಾಲೆಯನ್ನು ಮನೆಯಲ್ಲೇ ಸಕ್ಕರೆಪಾಕದಲ್ಲಿ ಇಳಿಸಿ ಬಾಟಲಿಗೆ ತುಂಬಿ ಕೊಟ್ಟರು. ಚಹಾಕ್ಕೆ ಒಂದೂವರೆ ಚಮಚ, ಮುಗಿಯಿತು. ಕಾರ್ಖಾನೆ ಮುಚ್ಚಿತು, ಗೇಟಿಗೆ ತುಕ್ಕು ಹಿಡಿಯಿತು, ಮಾವ ಹೋದರು, ಅತ್ತೆಯೂ ಹೋದರು. ಪಾಕ ನಿಲ್ಲಲಿಲ್ಲ.

ನಿಲ್ಲದಿರುವುದಕ್ಕೆ ಅತ್ತೆ ಒಂದು ಕ್ರಮ ಇಟ್ಟಿದ್ದರು. ಪ್ರತಿ ಸಲ ಪಾಕ ಮುಗಿದಾಗ ಒಂದು ಸೌಟು ತೆಗೆದು ಭರಣಿಯಲ್ಲಿಡಬೇಕು. ಮಾರನೆಯ ಬಾರಿ ಸಕ್ಕರೆನೀರು ತಿಳಿಯಾದೊಡನೆ, ಮಸಾಲೆಗೂ ಮೊದಲು, ಆ ಹಳೆಯ ಸೌಟು ಬೀಳಬೇಕು. "ಮೊದಲು ಹಳೇದು, ಆಮೇಲೆ ಹೊಸದು. ಹೊಸಬರಿಗೆ ಮನೆ ತೋರಿಸೋಕೆ ಹಳಬರು ಬೇಕಲ್ಲ," ಎಂದು ಪಾಕದಕ್ಕ ನಗುತ್ತಾರೆ. ಲೆಕ್ಕ ಸರಳ. ಇಂದಿನ ಪಾತ್ರೆಯಲ್ಲಿ ನಿನ್ನೆಯದರ ಒಂದು ಪಾಲಿದೆ, ನಿನ್ನೆಯದರಲ್ಲಿ ಮೊನ್ನೆಯದರ ಪಾಲು. ಹೀಗೆ ಹಿಂದಕ್ಕೆ ಹೋದರೆ ಕಾರ್ಖಾನೆಯ ಗೇಟಿನ ಮೊದಲ ಬಾಟಲಿಯನ್ನು ಮುಟ್ಟುತ್ತೇವೆ. ಭಾಗಿಸುತ್ತ ಹೋದಂತೆ ಆ ಪಾಲು ಕಿರಿದಾಗುತ್ತದೆ, ಮತ್ತೂ ಕಿರಿದಾಗುತ್ತದೆ. ಆದರೆ ಕಾಗದದ ಮೇಲೆ ಅದು ಎಂದಿಗೂ ಸೊನ್ನೆಯಾಗುವುದಿಲ್ಲ.

ಹಳೆಯ ಸೌಟು ಬಿದ್ದರೆ ಪಾಕ ಹರಳುಗಟ್ಟುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರಂತೆ. ಹರಳುಗಟ್ಟದಿರಲೆಂದು ಪಾಕದಕ್ಕ ನಾಲ್ಕು ಹನಿ ನಿಂಬೆರಸವನ್ನೂ ಹಾಕುತ್ತಾರೆ. ಕೆಲಸ ಮಾಡುತ್ತಿರುವುದು ನಿಂಬೆಯೋ ಸೌಟೋ ಅವರಿಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಒಂದನ್ನು ಬಿಟ್ಟು ನೋಡಬೇಕು. ಬಿಟ್ಟು ನೋಡುವ ಧೈರ್ಯ ಇಷ್ಟು ವರ್ಷ ಬಂದಿಲ್ಲ.

ಉಳಿದ ಕೆಲಸ ತಾಳ್ಮೆಯದು. ಸಕ್ಕರೆನೀರು ಕುದಿ ಹಿಡಿದ ಮೇಲೆ ಸೌಟಾಡಿಸುವಂತಿಲ್ಲ. ಮಸಾಲೆಯನ್ನು ಜಜ್ಜಬೇಕು, ಪುಡಿ ಮಾಡಬಾರದು. ಪುಡಿ ಮಾಡಿದರೆ ಲೋಟದ ತಳದಲ್ಲಿ ಕೆಸರು. ಶುಂಠಿ ಚೆನ್ನಾಗಿ ಬೇಯಬೇಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಲವಂಗವನ್ನು ಬೇಗ ಎತ್ತಿಬಿಡಬೇಕು, ಅದು ಉಳಿದರೆ ಕಹಿ ಉಳಿಯುತ್ತದೆ. ಕೊನೆಗೆ ಒಂದು ಸುರುಳಿ ಕಿತ್ತಳೆ ಸಿಪ್ಪೆ, ಮೇಲೊಂದು ಮುಚ್ಚಳ. ಬೆರಳುಗಳ ನಡುವೆ ಪಾಕ ಅಂಟಬೇಕು, ಎಳೆ ಬರಬಾರದು. ಕುದಿಯುವ ನೀರು ಚೆಲ್ಲಿದರೆ ಜಾರಿಹೋಗುತ್ತದೆ. ಕುದಿಯುವ ಪಾಕ ಚೆಲ್ಲಿದರೆ ಅಲ್ಲೇ ಕೂರುತ್ತದೆ. ಪಾಕದಕ್ಕನ ಮುಂಗೈಯಲ್ಲಿ ಅದು ಕೂತ ಜಾಗಗಳು ತಿಳಿಬಣ್ಣದ ಎಲೆಗಳಂತೆ ಉಳಿದಿವೆ. ಮಂಡಿ ನೋವಿದೆ. ಮೆಟ್ಟಿಲಿಗೆ ಅದು ಗೊತ್ತಿಲ್ಲ.

ಇನ್ನು ಸೋಸುವುದು. ಅತ್ತೆಯ ಇಬ್ಬರು ಸೊಸೆಯರು ಬೇರೆಯಾದದ್ದು ಈ ಒಂದು ಕೆಲಸದಿಂದ.

ಒದ್ದೆ ಮಾಡಿದ ಹತ್ತಿ ಬಟ್ಟೆಯಲ್ಲಿ ಪಾಕ ಸುರಿದು, ಗಂಟು ಕಟ್ಟಿ, ಕೊಕ್ಕೆಗೆ ತೂಗುಹಾಕಿದರೆ ಅದು ತಾನಾಗಿ ಹನಿಹನಿಯಾಗಿ ಇಳಿಯುತ್ತದೆ. ಹಿರಿಯ ಸೊಸೆ ಪಾಕದಕ್ಕ ಬಟ್ಟೆಯನ್ನು ಮುಟ್ಟುವುದಿಲ್ಲ. ಹಿಂಡಿದರೆ ಪಾಕ ಕದಡುತ್ತದೆ, ಅದರ ತಿಳಿ ಹೋಗುತ್ತದೆ ಎಂಬುದು ಅವರ ವಾದ. ಕಿರಿಯ ಸೊಸೆಗೆ, ಅಂದರೆ ಇವರ ಓರಗಿತ್ತಿಗೆ, ಬಟ್ಟೆಯಲ್ಲಿ ಉಳಿದದ್ದನ್ನು ಕಂಡರೆ ಕೈ ತುರಿಸುತ್ತಿತ್ತು. ಮಸಾಲೆಯ ಜೀವವೆಲ್ಲ ಆ ಕೊನೆಯ ತೊಟ್ಟಿನಲ್ಲಿದೆ, ಅದನ್ನು ತೊಳೆದು ಚೆಲ್ಲುವವರಿಗೆ ಏನು ಹೇಳೋಣ ಎಂಬುದು ಅವರ ವಾದ. ಅತ್ತೆಯನ್ನು ಕೇಳಿದರೆ, "ಕೈಗೆ ಹೇಗೆ ಬರುತ್ತೋ ಹಾಗೆ," ಎಂದು ಮಗ್ಗುಲು ಬದಲಿಸುತ್ತಿದ್ದರು. ಅತ್ತೆ ಹೋದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. "ಅಕ್ಕನ ಕೈಯಲ್ಲಿ ಪಾಕಾನೂ ಸೋಮಾರಿ," ಎಂದರು ಕಿರಿಯವರು. "ನಿನ್ನ ಕೈಗೆ ಸಿಕ್ಕಿದ್ದೆಲ್ಲ ಹಿಂಡಿಹೋಗುತ್ತೆ, ನನ್ನ ಮೈದುನನನ್ನೂ ಸೇರಿಸಿ," ಎಂದರು ಹಿರಿಯವರು. ಮೈದುನ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಯಾರೂ ನಗಲಿಲ್ಲ.

ಮೊದಲು ಒಲೆ ಎರಡಾಯಿತು, ಬಳಿಕ ಮನೆ ಎರಡಾಯಿತು. ಓರಗಿತ್ತಿ ಹೋಗುವಾಗ ತಮ್ಮ ಪಾಲಿನ ಒಂದು ಸೌಟನ್ನು ಸಣ್ಣ ಭರಣಿಯಲ್ಲಿ ತೆಗೆದುಕೊಂಡು ಹೋದರು. ಸೇತುವೆಯಾಚೆಯ ಬೀದಿಯಲ್ಲಿ ಅವರೂ ಪಾಕ ಮಾಡಿ ಒಂದೆರಡು ಅಂಗಡಿಗೆ ಕೊಡುತ್ತಾರೆ. ನಡುವೆ ಒಂದು ನದಿ, ಒಂದು ಸೇತುವೆ. ಅಣ್ಣತಮ್ಮಂದಿರು ಆಗಾಗ ಸೇತುವೆಯ ಮಧ್ಯೆ ನಿಂತು ಮಾತಾಡಿಕೊಂಡು ಬರುತ್ತಾರೆ. ಹೆಂಗಸರು ದಾಟಿಲ್ಲ.

ಈಗ ಕಂಡಕ್ಟರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಸೇವೆಯಲ್ಲಿದ್ದಷ್ಟು ಕಾಲ ಈ ಹೊತ್ತಿಗೆ ಅವರು ದಿನದ ಮೊದಲ ಬಸ್ಸಿನಲ್ಲಿರುತ್ತಿದ್ದರು. ಹಳೆಯ ಸೌಟಿನ ಕಥೆ ಗೊತ್ತು. ಅದು ಬೀಳುವುದನ್ನು ಒಮ್ಮೆಯೂ ಕಂಡವರಲ್ಲ. ಹೆಂಡತಿಯ ಮುಖ ನೋಡಿದ ಮೇಲೆ ತಾವು ತೊಳೆದದ್ದು ಏನೆಂದು ಹೊಳೆದಿದೆ.

"ಅದು ಈ ಭರಣೀಲಿ ಇರುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಯಾವುದೋ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರ್ತೀಯ ಅಂದುಕೊಂಡಿದ್ದೆ."

ಪಾಕದಕ್ಕ ಭರಣಿಯನ್ನು ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ.

"ಸಕ್ಕರೆ ಅದೇ, ಚಕ್ಕೆ ಅದೇ, ಮಾಡೋಳು ನೀನೇ. ಒಂದು ಸೌಟಲ್ಲಿ ಏನು ಹೋಗುತ್ತೆ?"

"ಒಂದು ಸೌಟಲ್ಲೇ ಇದ್ದದ್ದು ಎಲ್ಲ."

"ಗಾಡಿಯವನ ಹತ್ತಿರ ನಿನ್ನೆ ಕೊಟ್ಟ ಬಾಟಲಿ ಇರುತ್ತಲ್ಲ. ಹೋಗಿ ಒಂದು ಸೌಟು ಬಗ್ಗಿಸ್ಕೊಂಡು ಬರ್ತೀನಿ."

"ಬೇಡ. ಮಾರೋಕೆ ಅಂತ ಹೊಸ್ತಿಲು ದಾಟಿದ್ದು ತಿರುಗಿ ಪಾತ್ರೆಗೆ ಬೀಳಬಾರದು. ಅದಕ್ಕೆ ಯಾರ ಒದ್ದೆ ಚಮಚ ಬಿದ್ದಿದೆಯೋ ಏನೋ. ಒಂದು ಸಲ ಬೂಷ್ಟು ಬಂದರೆ ಮುಂದೆ ಮಾಡಿದ್ದೆಲ್ಲ ಕೆಡುತ್ತೆ. ಅತ್ತೆ ಬಾಯಿ ಬಿಟ್ಟು ಬೇಡ ಅಂದದ್ದು ಅದೊಂದೇ."

ಮನೆಯಲ್ಲಿ ಬೇರೆ ಬಾಟಲಿಯಿಲ್ಲ. ಕೊನೆಯದೂ ನಿನ್ನೆ ಹೋಗಿದೆ. ಅಲ್ಲಿಗೆ ಹಳೆಯ ಪಾಕ, ಅಂಗಡಿಗೆ ಹೋಗದೆ ಉಳಿದಿರುವುದು, ಈ ಊರಿನಲ್ಲಿ ಒಂದೇ ಕಡೆ. ಇಂದು ಸೌಟು ಬೀಳದಿದ್ದರೆ ಈ ಮನೆಯಲ್ಲಿ ಅತ್ತೆಯ ಪಾಕ ಮುಗಿಯಿತು. ಬೀಳಬೇಕಾದರೆ ಓರಗಿತ್ತಿಯ ಬಾಗಿಲು ತಟ್ಟಬೇಕು. ಪಾಕದಕ್ಕ ಬಾಣಲೆಯ ಮಸಾಲೆಯನ್ನು ಮೂಸುತ್ತಾರೆ. ಅದರ ಹುರುಪು ಆಗಲೇ ಇಳಿಯುತ್ತಿದೆ. ಹುರಿದದ್ದು ಯಾರಿಗಾಗಿಯೂ ಕಾಯುವುದಿಲ್ಲ. ಹೊಳೆಯುವ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

"ನಾನೂ ಬರ್ಲಾ?" ಎನ್ನುತ್ತಾರೆ ಕಂಡಕ್ಟರು.

"ಬೇಡ. ನೀವು ಏನನ್ನೂ ತೊಳೀದೆ ಕೂತಿರಿ, ಸಾಕು."

ಸೇತುವೆಯ ಮೇಲೆ ಮಂಜು ಕೂತಿದೆ. ನದಿ ಕಾಣುವುದಿಲ್ಲ, ಅದರ ಸದ್ದು ಮಾತ್ರ ಕಾಲಡಿಯಲ್ಲಿ ಹರಿಯುತ್ತದೆ. ಎದುರಿನಿಂದ ಬರುವ ಸೈಕಲ್ಲುಗಳು ಮೊದಲು ಗಂಟೆಯಾಗಿ, ಬಳಿಕ ನೆರಳಾಗಿ, ಕೊನೆಗೆ ಮನುಷ್ಯರಾಗಿ ಹಾದುಹೋಗುತ್ತವೆ. ಒಂದು ಕಡೆ, ನಡು ಸೇತುವೆ ಇರಬೇಕು, ಪಾಕದಕ್ಕನ ಸೆರಗಿನ ಏಲಕ್ಕಿ ವಾಸನೆ ಹಿಂದೆ ಉಳಿಯುತ್ತದೆ ಮತ್ತು ಮುಂದಿನಿಂದ ಇನ್ನೊಂದು ಏಲಕ್ಕಿ ವಾಸನೆ ತೇಲಿಬರುತ್ತದೆ. ಆಚೆ ದಡದಲ್ಲೂ ಒಲೆ ಹೊತ್ತಿದೆ. ಎರಡು ವಾಸನೆಗಳ ನಡುವೆ ಅವರು ಒಂದು ಕ್ಷಣ ನಿಲ್ಲುತ್ತಾರೆ. "ತಿರುಗಿ ಹೋಗಿಬಿಡೋಣ ಅನಿಸಿತ್ತು," ಎಂದು ಆಮೇಲೆ ಹೇಳುತ್ತಾರೆ. "ಆದರೆ ಮಂಜಲ್ಲಿ ಯಾವ ಕಡೆ ತಿರುಗಿದರೂ ಒಂದೇ ಥರ ಕಾಣ್ತಿತ್ತು. ನಡೀತಾ ಹೋದೆ."

ಬಾಗಿಲು ತೆರೆದ ಓರಗಿತ್ತಿ ಮೊದಲು ನೋಡಿದ್ದು ಬಂದವರ ಮುಖವನ್ನಲ್ಲ. ಬಟ್ಟೆ ಜಾರಿ ಇಣುಕುತ್ತಿದ್ದ ಭರಣಿಯನ್ನು.

"ಭಾವ ತೊಳೆದ್ರಾ?"

"ಹೂಂ."

"ಅವರು ರಿಟೈರ್ ಆದ್ರು ಅಂತ ಕೇಳಿದಾಗಲೇ ಅಂದುಕೊಂಡೆ." ಅವರು ಭರಣಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯುತ್ತಾರೆ. "ಚೆನ್ನಾಗೇ ತೊಳೆದಿದ್ದಾರೆ."

"ಮುಖ ಕಾಣುತ್ತೆ."

"ಒಳಗೆ ಬನ್ನಿ. ಬಾಗಿಲಲ್ಲಿ ನಿಂತರೆ ನೋಡಿದವರು ಏನಂದ್ಕೊಳ್ತಾರೆ."

ಈ 'ಬನ್ನಿ' ಹೊಸದು. ಮನೆ ಬೇರೆಯಾಗುವ ಮೊದಲು 'ಬಾ ಅಕ್ಕ' ಇತ್ತು. ಒಳಗಿನ ಅಡುಗೆಮನೆ ಇವರದರ ಕನ್ನಡಿಯಂತಿದೆ. ಅದೇ ಜಾಗದಲ್ಲಿ ಒಲೆ, ಅದೇ ಎತ್ತರದಲ್ಲಿ ಕೊಕ್ಕೆ. ಕೊಕ್ಕೆಯಲ್ಲಿ ಒಂದು ಬಟ್ಟೆ, ಹಿಂಡಿ ಹಿಂಡಿ ಹಗ್ಗದಂತಾಗಿ ಒಣಗುತ್ತಿದೆ. ಪಾಕದಕ್ಕ ಅದನ್ನು ನೋಡಿ ಬೇರೆ ಕಡೆ ತಿರುಗುತ್ತಾರೆ.

"ಒಂದು ಸೌಟು ಬೇಕಿತ್ತು."

"ನಂದು ಹಿಂಡಿದ ಪಾಕ. ಆಗುತ್ತಾ ನಿಮಗೆ?"

"ಒಂದು ಸೌಟಿಗೆ ಆಗುತ್ತೆ."

ಓರಗಿತ್ತಿ ಸಣ್ಣ ಭರಣಿಯ ಮುಚ್ಚಳ ತೆಗೆಯುತ್ತಾರೆ. ಸೌಟು ಅದ್ದುತ್ತಾರೆ. ಎತ್ತುವುದಿಲ್ಲ.

"ಒಂದು ಮಾತು ಹೇಳ್ತೀನಿ. ಕೇಳಿದ ಮೇಲೆ ಬೇಡ ಅನಿಸಿದರೆ ಖಾಲಿ ಭರಣಿ ತಗೊಂಡು ಹೋಗು. ಇದು ಅತ್ತೆ ಕೊಟ್ಟದ್ದಲ್ಲ."

"ಮತ್ತೆ?"

"ಅತ್ತೇದು ಬೆಕ್ಕು ಬೀಳಿಸ್ತು. ಇಲ್ಲಿಗೆ ಬಂದ ವರ್ಷಾನೇ. ಗಾಜಿನ ಚೂರು ತುಂಬ, ನೆಲದಿಂದ ಬಳಿಯೋ ಹಾಗಿರಲಿಲ್ಲ. ಒಲೆ ಹಚ್ಚದೆ ಅಳ್ತಾ ಕೂತಿದ್ದೆ. ಅದನ್ನ ನೋಡೋಕಾಗದೆ ನಿನ್ನ ಮೈದುನ ನಿಲ್ದಾಣದ ಗಾಡಿಗೆ ಹೋಗಿ ಒಂದು ಬಾಟಲಿ ತಂದರು. ಅರ್ಧ ಖರ್ಚಾಗಿತ್ತು. ನಿಂದೇ ಪಾಕ." ಅವರು ಸೌಟನ್ನು ಭರಣಿಯೊಳಗೇ ಒಮ್ಮೆ ತಿರುಗಿಸುತ್ತಾರೆ. "ಹೊಸ್ತಿಲು ದಾಟಿದ್ದು. ಯಾರ ಚಮಚ ಬಿದ್ದಿತ್ತೋ ಗೊತ್ತಿಲ್ಲ. ಅದನ್ನೇ ಹಾಕಿದೆ. ಅವತ್ತಿಂದ ಇವತ್ತಿನವರೆಗೂ ಅದೇ. ನಿನ್ನ ಮೇಲಿನ ಸಿಟ್ಟಿಗೆ ಸಕ್ಕರೆ ಸುರೀತಾ ಬೈಕೋತಿದ್ದೆ, ಸುರೀತಿದ್ದದ್ದು ಮಾತ್ರ ನಿನ್ನ ಪಾಕದ ಮೇಲೇನೇ."

ಒಲೆಯ ಮೇಲೆ ಏನೋ ಸಣ್ಣಗೆ ಗುಳುಗುಳಿಸುತ್ತದೆ. ಪಾಕದಕ್ಕ ಮಣೆಯ ಮೇಲೆ ಕೂರುತ್ತಾರೆ. ಅತ್ತೆಯ ಆ ಒಂದು ಮಾತನ್ನು ಈ ಮನೆಯಲ್ಲಿ ಮುರಿಯಲಾಗಿದೆ. ಮುರಿದದ್ದರಿಂದಲೇ ಇಲ್ಲಿ ಒಂದು ಸೌಟು ಉಳಿದಿದೆ. ಹಿಂಡದ ಪಾಕ ಸೇತುವೆ ದಾಟಿ ಬಂದು, ಇಷ್ಟು ವರ್ಷ ಇನ್ನೊಬ್ಬರ ಕೈಯಲ್ಲಿ ಹಿಂಡಿಸಿಕೊಂಡು, ಇವರು ಬಂದು ಕೇಳುವವರೆಗೆ ಕಾದಿದೆ.

"ಕೆಡಲಿಲ್ವಾ?" ಎಂದು ಕೊನೆಗೆ ಕೇಳುತ್ತಾರೆ.

"ಒಂದು ಸಲಾನೂ ಇಲ್ಲ."

"ನೀನು ಹಿಂಡೋ ಹಿಂಡಿಗೆ ಬೂಷ್ಟಿಗೂ ಹೆದರಿಕೆ ಆಗಿರುತ್ತೆ."

ಓರಗಿತ್ತಿಯ ತುಟಿ ಅಲುಗುತ್ತದೆ. "ಹಾಕ್ಲಾ ಬೇಡ್ವಾ, ಅಷ್ಟು ಹೇಳು."

"ಹಾಕು."

ಹಿಂತಿರುಗುವಾಗ ಮಂಜು ತೆಳುವಾಗಿದೆ. ನದಿ ತುಂಡುತುಂಡಾಗಿ ಕಾಣತೊಡಗಿದೆ. ಸೇತುವೆಯ ಮೇಲೆ ಇಬ್ಬರು ನಡೆಯುತ್ತಿದ್ದಾರೆ. ಓರಗಿತ್ತಿ ಬಂದದ್ದು ಪಾಕಕ್ಕಾಗಿ ಅಲ್ಲವಂತೆ, ಭಾವನನ್ನು ಬೈಯುವುದಕ್ಕಂತೆ. ಭರಣಿಯನ್ನು ಯಾರು ಹಿಡಿಯಬೇಕೆಂಬ ಮಾತು ಬರುವುದಿಲ್ಲ. ಅದು ಹಿರಿಯವರ ಕೈಯಲ್ಲೇ ಇದೆ, ಮುಚ್ಚಳದ ಮೇಲೆ ಮಾತ್ರ ಕಿರಿಯವರ ಅಂಗೈ.

ಮೆಟ್ಟಿಲ ತುದಿಯಲ್ಲಿ ಕಂಡಕ್ಟರು ನಿಂತಿದ್ದಾರೆ. ತಮ್ಮನ ಹೆಂಡತಿಯನ್ನು ಕಂಡು ಹಳೆಯ ಅಭ್ಯಾಸಕ್ಕೆ ಶರಣಾಗುತ್ತಾರೆ. "ಮೇಲೆ ಬನ್ನಿ, ಮೇಲೆ ಬನ್ನಿ. ಒಳಗೆ ಜಾಗ ಇದೆ."

"ಭಾವ, ನಿಮ್ಮನ್ನ ಕೆಲಸಕ್ಕೆ ಕೇಳೋಣ ಅಂತ ಬಂದೆ," ಎನ್ನುತ್ತಾರೆ ಓರಗಿತ್ತಿ. "ನಮ್ಮನೇಲಿ ತಳ ಹಿಡಿದ ಪಾತ್ರೆ ಬೇಕಾದಷ್ಟಿದೆ."

ಕಂಡಕ್ಟರು ತಲೆ ತಗ್ಗಿಸುತ್ತಾರೆ. ಆ ತಗ್ಗಿದ ತಲೆಯಲ್ಲಿ ನಗುವಿದೆ.

ಒಲೆ ಮತ್ತೆ ಹೊತ್ತುತ್ತದೆ. ಆರಿದ ಸಕ್ಕರೆನೀರು ಬಿಸಿಯಾಗಿ ತಿಳಿಯಾಗುತ್ತದೆ. ತಣ್ಣಗಾದ ಮಸಾಲೆಯನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ಬೆಚ್ಚಗೆ ಮಾಡಲಾಗುತ್ತದೆ. ಬಳಿಕ ಭರಣಿ ಓರೆಯಾಗುತ್ತದೆ. ಕಪ್ಪು ಎಳೆಯೊಂದು ತಿಳಿನೀರಿಗೆ ಇಳಿದು, ಹೊಗೆಯಂತೆ ಬಿಚ್ಚಿಕೊಂಡು, ಒಮ್ಮೆ ಸುತ್ತಿ, ಮರೆಯಾಗುತ್ತದೆ. ಇನ್ನು ಅದು ಎಲ್ಲಿದೆ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಎಲ್ಲೂ ಇಲ್ಲ ಎಂದೂ ಹೇಳಲಾರರು. ಕಂಡಕ್ಟರು ಅದನ್ನು ಮೊದಲ ಬಾರಿಗೆ ನೋಡುತ್ತಾರೆ.

ಪಾಕ ಇಳಿದು, ಆರಿ, ಬಟ್ಟೆ ಸೇರಿ, ಕೊಕ್ಕೆಯಲ್ಲಿ ತೂಗತೊಡಗಿದಾಗ ಕಿಟಕಿಯ ಸರಳುಗಳಿಗೆ ಬಣ್ಣ ಬಂದಿದೆ. ಹನಿಗಳು ಬೆಳಕನ್ನು ಹೊತ್ತು ಬೀಳುತ್ತವೆ. ಇಬ್ಬರು ಹೆಂಗಸರು ಎದುರುಬದುರಾಗಿ ಕೂತು ಅವನ್ನೇ ನೋಡುತ್ತಾರೆ. ಇನ್ನು ಏನು ಆಸೆ ಎಂದು ಕೇಳಿದರೆ ಪಾಕದಕ್ಕ ಹನಿಗಳಿಂದ ಕಣ್ಣು ತೆಗೆಯದೆ ಹೇಳುತ್ತಾರೆ. "ಆಸೆ ಏನಿರುತ್ತೆ. ಮಂಡಿ ಇನ್ನೊಂದಷ್ಟು ದಿನ ಮೆಟ್ಟಿಲು ಹತ್ತಲಿ. ನಾನು ಹತ್ತೋಕಾಗದೆ ಹೋದ ಮೇಲೂ ಒಂದು ಸೌಟು ಎಲ್ಲಾದರೂ ಇರಲಿ. ಯಾರ ಮನೇಲಿ ಅಂತ ಈಗ ನಾನು ಕೇಳಲ್ಲ."

ಹನಿಗಳು ದೂರ ದೂರವಾಗುತ್ತವೆ. ಓರಗಿತ್ತಿಯ ಕೈಗಳು ಮಡಿಲಲ್ಲಿ ಒಂದನ್ನೊಂದು ಹೊಸಕುತ್ತಿವೆ. ಕೊನೆಯ ಹನಿ ಬಟ್ಟೆಯ ತುದಿಯಲ್ಲಿ ತೂಗಿ, ಬೀಳದೆ, ಅಲ್ಲೇ ನಿಲ್ಲುತ್ತದೆ. ಇನ್ನು ಬಟ್ಟೆ ಬಿಚ್ಚಿ ತೊಳೆಯುವುದು ಈ ಮನೆಯ ಕ್ರಮ.

ಪಾಕದಕ್ಕ ಎದ್ದು, ತಿಳಿಪಾಕದ ಪಾತ್ರೆಯನ್ನು ಬಟ್ಟೆಯ ಕೆಳಗಿನಿಂದ ಸರಿಸುತ್ತಾರೆ. ಅಲ್ಲಿ ಭರಣಿಯನ್ನು ಇಡುತ್ತಾರೆ.

"ಎಷ್ಟು ಹೊತ್ತು ಅಂತ ಕೈ ಹೊಸಕ್ತಾ ಕೂರ್ತೀಯ? ಬಾ, ಹಿಂಡು. ಬಾಟಲಿಗೆ ಬೇಡ, ಇದಕ್ಕೆ."

ಓರಗಿತ್ತಿ ಕೈ ತೊಳೆದು ಬರುತ್ತಾರೆ. ಬಟ್ಟೆ ಅವರ ಮುಷ್ಟಿಯಲ್ಲಿ ಒಂದು ಸುತ್ತು ತಿರುಗುತ್ತದೆ. ಕದಡಿದ, ದಟ್ಟವಾದ, ಒಂದು ಸೌಟಿನಷ್ಟು ಪಾಕ ಗಾಜಿನ ತಳಕ್ಕೆ ಇಳಿದು ನಿಧಾನವಾಗಿ ಹರಡಿಕೊಳ್ಳುತ್ತದೆ. ಪಾಕದಕ್ಕ ಭರಣಿಯನ್ನೆತ್ತಿ ಬೆಳಕಿಗೆ ಹಿಡಿಯುತ್ತಾರೆ.

"ಈಗ ಸರಿಹೋಯ್ತು," ಎನ್ನುತ್ತಾರೆ. "ಮುಖ ಕಾಣಲ್ಲ."